ಕೊನೆಯ 0.1 ಮಿಲಿಮೀಟರ್ ಮತ್ತು ನನ್ನ ನಾಲ್ಕು ಸ್ಟ್ರೋಕ್

ಫಿಟ್ಟರ್ ಟ್ರೇಡಿನಲ್ಲಿ ಒಂದು ಮಿಲಿಮೀಟರ್ ಲೋಹ ತೆಗೆಯೋದು ದೊಡ್ಡ ವಿಷಯವೇ ಅಲ್ಲ. ಒರಟು ಹಲ್ಲಿನ ಅರ, ಅಂದರೆ ಬಾಸ್ಟರ್ಡ್ ಫೈಲ್ ಹಿಡಿದು ಬೆವರು ಸುರಿಸಿದರೆ ಯಾರಿಗೆ ಬೇಕಾದರೂ ಬರುತ್ತದೆ. ಕೊನೆಯ 0.1 ಮಿಲಿಮೀಟರ್ ಇದೆಯಲ್ಲ, ಅಲ್ಲಿ ಗೊತ್ತಾಗುತ್ತದೆ ಯಾರು ಕಲಿತಿದ್ದಾರೆ, ಯಾರು ಸುಮ್ನೆ ಉಜ್ಜಿದ್ದಾರೆ ಅಂತ. ನಾನು ಒಂದು ಸರ್ಕಾರಿ ಐಟಿಐನಲ್ಲಿ ಜೆಟಿಓ, ಅಂದರೆ ಕಿರಿಯ ತರಬೇತಿ ಅಧಿಕಾರಿ. ಆ ಕೊನೆಯ 0.1 ಅನ್ನು ಹುಡುಗರಿಗೆ ಕಲಿಸುತ್ತಿದ್ದೇನೆ ಅಂತಲೇ ನಂಬಿಕೊಂಡಿದ್ದೆ. ಪ್ರಾಕ್ಟಿಕಲ್ ಪರೀಕ್ಷೆಗೆ ಪಕ್ಕದ ತಾಲ್ಲೂಕಿನಿಂದ ಬಂದ ಎಕ್ಸ್‌ಟರ್ನಲ್ ಪರೀಕ್ಷಕರೊಬ್ಬರು ಎರಡೇ ಮಾತಿನಲ್ಲಿ ಆ ನಂಬಿಕೆ ಇಳಿಸಿ ಹೋದರು.

ನಮ್ಮಲ್ಲಿ ಒಂದು ಯೂನಿಟ್ಟಿಗೆ 20 ಹುಡುಗರು. ಪಕ್ಕದ ಯೂನಿಟ್ಟಿನ ಪೋಸ್ಟ್ ಖಾಲಿ ಬಿದ್ದಿರುವುದರಿಂದ ಎರಡನ್ನೂ ನಾನೇ ನೋಡಿಕೊಳ್ಳಬೇಕು. ಅಂದರೆ 40 ಜನ, ಅರ್ಧ ವೈಸ್‌ಗಳ ಹಿಡಿಯುವ ದವಡೆ (ಜಾ) ಸವೆದು ನುಣ್ಣಗಾಗಿದೆ, ಕೊನೆಯ ಕೆಲಸಕ್ಕೆ ಬೇಕಾದ ಸಣ್ಣ ಹಲ್ಲಿನ ಸ್ಮೂತ್ ಫೈಲ್ ಇರುವುದು ಬೆರಳೆಣಿಕೆಯಷ್ಟು. ಹಾಜರಿ ಪೋರ್ಟಲ್‌ಗೆ ಹಾಕಬೇಕು, ಫೋಟೋ ಅಪ್‌ಲೋಡ್ ಮಾಡಬೇಕು, ಯಾರಾದರೂ ಸಾಹೇಬರು ಬಂದರೆ ಹೊಸ ಲ್ಯಾಬಿನ ರೋಬೋ ಕೈ ತೋರಿಸಿ ಚಪ್ಪಾಳೆ ಹೊಡೆಸಬೇಕು. ಇದರ ಮಧ್ಯೆ ವರ್ಷದ ನಡುವೆ ಮಾರ್ಕ್ಸಿಗಾಗಿ ಮಾಡಿಸುವ ಸೆಷನಲ್ ಜಾಬ್‌ಗಳು ತಿಂಗಳ ಕೊನೆಗೆ ಮುಗಿದು, ನಂಬರ್ ಪಂಚ್ ಆಗಿ, ಗ್ರೀಸ್ ಹಚ್ಚಿಸಿಕೊಂಡು ಬೀರುವಿಗೆ ಹೋಗಬೇಕು. ಅದಕ್ಕೇ ಏನಾಗುತ್ತಿತ್ತು ಅಂದರೆ, ಹುಡುಗ ಒಂದರೊಳಗೊಂದು ಕೂರಬೇಕಾದ ಮೇಲ್ ಪೀಸ್, ಫೀಮೇಲ್ ಪೀಸ್ ಎರಡನ್ನೂ ಹಿಡಿದುಕೊಂಡು ಬಂದು "ಸಾರ್, ಸ್ವಲ್ಪ ಹಿಡೀತಾ ಇದೆ, ನೋಡಿ" ಅನ್ನುತ್ತಿದ್ದ. ನಾನು ವೈಸಿಗೆ ಹಾಕಿ, ನಾಲ್ಕು ಸ್ಟ್ರೋಕ್ ಹೊಡೆದು, ಕೂರಿಸಿ ಕೊಡುತ್ತಿದ್ದೆ. "ನೋಡಿದ್ಯೇನೋ? ಹೀಗೆ." "ನೋಡಿದೆ ಸಾರ್." ಇಬ್ಬರಿಗೂ ಸಮಾಧಾನ.

ಪ್ರಾಕ್ಟಿಕಲ್ ದಿನ ಬಂದ ಜಾಬ್ ಹೊಸದೇನಲ್ಲ. ಎಂಎಸ್ (ಮೈಲ್ಡ್ ಸ್ಟೀಲ್) ಪಟ್ಟಿಯಲ್ಲಿ ಸ್ಕ್ವೇರ್ ಫಿಟ್ಟಿಂಗ್. ಒಂದರಲ್ಲಿ 20 ಮಿಲಿಮೀಟರ್ ನಾಲಿಗೆ, ಇನ್ನೊಂದರಲ್ಲಿ 20 ಮಿಲಿಮೀಟರ್ ಸ್ಲಾಟ್. ಟಾಲರೆನ್ಸ್ ±0.04, ತಲೆಕೂದಲಿಗಿಂತ ತೆಳು. ಇಂಥದ್ದನ್ನು ವರ್ಷವಿಡೀ ಮಾಡಿಸಿದ್ದೇವೆ, ಹಾಗಾಗಿ ನಾನು ನಿರಾಳವಾಗಿದ್ದೆ. ಅದರಲ್ಲೂ ಮೂರನೇ ಬೆಂಚಿನ ಎಡಚ ಹುಡುಗನ ಬಗ್ಗೆ ಯೋಚನೆಯೇ ಇರಲಿಲ್ಲ. ಬ್ಯಾಚಿನಲ್ಲೇ ಒಳ್ಳೆಯ ಕೈ ಅವನದು. ಅಳತೆಗೆ ಆಧಾರವಾದ ಡೇಟಂ ಸೈಡ್ ಎರಡನ್ನು ಅವನು ಫೈಲ್ ಮಾಡಿ ಟ್ರೈ ಸ್ಕ್ವೇರ್ ಇಟ್ಟರೆ ಬೆಳಕು ನುಸುಳುತ್ತಿರಲಿಲ್ಲ. ಅವನ ಸೆಷನಲ್ ಮಾರ್ಕ್ಸ್ ಕೂಡ ಹಾಗೇ ಇತ್ತು, ಕೈ ಬಿಚ್ಚಿಯೇ ಕೊಟ್ಟಿದ್ದೆ.

ಊಟದ ಹೊತ್ತಿಗೆ ಅವನ ಮೇಲ್ ಪೀಸ್ ಮುಗಿದಿತ್ತು. ಮೈಕ್ರೋಮೀಟರಿನಲ್ಲಿ 19.99. ಚೆನ್ನಾಗಿದೆ ಅಂತ ದೂರದಿಂದಲೇ ಖುಷಿಪಟ್ಟೆ. ಮಧ್ಯಾಹ್ನ ಸ್ಲಾಟ್. ಚೈನ್ ಡ್ರಿಲ್ ಹೊಡೆದ, ಚಿಪ್ ಮಾಡಿ ತುಂಡು ಉದುರಿಸಿದ, ಒಳಗೋಡೆಗಳನ್ನು ಗೆರೆಯ ಹತ್ತಿರಕ್ಕೆ ತಂದ. ಫೈಲಿನ ಹಲ್ಲಿಲ್ಲದ ಸೇಫ್ ಎಡ್ಜನ್ನು ಮೂಲೆ ಕಡೆಗೇ ಇಟ್ಟುಕೊಂಡ. ಎಲ್ಲ ಸರಿ. ಕೊನೆಯ ಮುಕ್ಕಾಲು ಗಂಟೆಯಲ್ಲಿ ಅವನು ಮೊದಲ ಸಲ ನಾಲಿಗೆಯನ್ನು ಸ್ಲಾಟಿಗೆ ಹಿಡಿದು ನೋಡಿದ. ಹೋಗಲಿಲ್ಲ. ಆಗ ಅವನು ಮಾಡಿದ್ದು ಇಷ್ಟೇ: ಎರಡೂ ಪೀಸ್ ಕೈಯಲ್ಲಿ ಹಿಡಿದು, ತಲೆ ಎತ್ತಿ, ನನ್ನ ಕಡೆಗೆ ಎರಡು ಹೆಜ್ಜೆ ಇಟ್ಟ. ಪರೀಕ್ಷೆ ಅನ್ನೋದು ಮರೆತೇ ಹೋಗಿತ್ತು ಪಾಪ. ಕೈ ಮುಂದೆ ಚಾಚಿದವನು ನನ್ನ ಮುಖ ನೋಡಿ ಅಲ್ಲೇ ನಿಂತ.

ಎಕ್ಸ್‌ಟರ್ನಲ್ ಕುರ್ಚಿಯಿಂದಲೇ ಕೇಳಿದರು, "ಏನಪ್ಪಾ, ಪ್ರಸಾದ ಕೊಡ್ತಿದ್ದೀಯಾ?" ಒಂದಿಬ್ಬರು ನಕ್ಕರು. ಅವನು ವಾಪಸ್ ಹೋದ.

ಅಲ್ಲಿಂದ ಮುಂದಿನ ಹೊತ್ತು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಯಾಕೆಂದರೆ ನಾನು ನಿಂತಿದ್ದ ಜಾಗದಿಂದ ನನಗೆ ಕಾಣುತ್ತಿತ್ತು. ಸ್ಲಾಟಿನ ಬಾಯಿಯ ಅಂಚಿನಲ್ಲಿ ಸಣ್ಣ ಬರ್, ಅಂದರೆ ಫೈಲ್ ಹಾಕಿದಾಗ ಏಳುವ ಲೋಹದ ಸಿಬಿರು, ಟ್ಯೂಬ್‌ಲೈಟ್ ಬೆಳಕಿಗೆ ದಾರದಷ್ಟು ಮಿಂಚುತ್ತಿತ್ತು. ಸ್ಲಾಟ್ ಹೆಚ್ಚುಕಮ್ಮಿ ಸರಿಯಾದ ಸೈಜಿಗೇ ಬಂದಿತ್ತು. ಬರ್ ಅಡ್ಡ ನಿಂತಿತ್ತು, ಅಷ್ಟೇ. ಸ್ಮೂತ್ ಫೈಲನ್ನು ಅಂಚಿಗೆ ಓರೆಯಾಗಿ ಎರಡು ಸಲ ಸವರಿದರೆ ಕತೆ ಮುಗಿಯುತ್ತಿತ್ತು. ಅವನು ವರ್ನಿಯರ್ ತೆಗೆದು ಒಳಜಾ ಹಾಕಿ ಅಳೆದ. ಜಾ ಬರ್ ಮೇಲೆ ಕೂತಿದ್ದರಿಂದ ಸ್ಲಾಟ್ ಇನ್ನೂ ಕಿರಿದಾಗಿದೆ ಅಂತ ಅವನಿಗೆ ರೀಡಿಂಗ್ ಬಂದಿರಬೇಕು. ಹಾಗಾಗಿ ಒಳಗೋಡೆಗೆ ಮತ್ತೆ ಫೈಲ್ ಹಾಕಿದ. ಫೈಲ್ ಹಾಕಿದಷ್ಟೂ ಹೊಸ ಬರ್ ಏಳುತ್ತದೆ. ಮತ್ತೆ ಹೋಗಲಿಲ್ಲ. ಮತ್ತೆ ಉಜ್ಜಿದ.

ನಾನು ಬಾಯಿ ಬಿಡುವಂತಿಲ್ಲ. ಕೆಮ್ಮುವ ಹಾಗೂ ಇಲ್ಲ, ಎಕ್ಸ್‌ಟರ್ನಲ್ ಕಣ್ಣು ಈಗ ನನ್ನ ಮೇಲೇ ಇದೆ. ಟೂಲ್ ಕ್ರಿಬ್ ಹತ್ತಿರ ಹೋಗಿ ಸುಮ್ಮಸುಮ್ಮನೆ ಡ್ರಿಲ್ ಬಿಟ್ ಎಣಿಸಿದೆ. ತಿರುಗಿ ನೋಡಿದರೆ ಅವನು ಮೇಲ್ ಪೀಸನ್ನೇ ವೈಸಿಗೆ ಹಾಕುತ್ತಿದ್ದಾನೆ! ಸೈಜಿಗೆ ಬಂದ ಪೀಸನ್ನು ಮುಟ್ಟಬಾರದು, ಅದೇ ಗೇಜು, ಅದಕ್ಕೆ ತಕ್ಕ ಹಾಗೆ ಇನ್ನೊಂದನ್ನು ತರಬೇಕು ಅಂತ ಬಾಯಿ ನೋಯುವಷ್ಟು ಸಲ ಹೇಳಿದ್ದೇನೆ. ಗಾಬರಿಯಾದಾಗ ಯಾವ ಮಾತು ನೆನಪಿಗೆ ಬರುತ್ತದೆ? ನಾಲಿಗೆಯ ತುದಿಗೆ ಅವನು ಜೋರಾಗಿ ಮೂರ್ನಾಲ್ಕು ಸ್ಟ್ರೋಕ್ ಕೊಟ್ಟ. ಫೈಲ್ ತೂಗಿ ತುದಿ ಉರುಟಾಯಿತು. ಆಮೇಲೆ ಯಾವಾಗಲೋ ಬರ್ ತಾನಾಗಿ ಕಿತ್ತುಹೋಗಿರಬೇಕು, ಪೀಸ್ ಪುಸಕ್ಕನೆ ಒಳಗೆ ಹೋಯಿತು. ಎಷ್ಟು ಸಲೀಸಾಗಿ ಅಂದರೆ, ಎತ್ತಿದರೆ ಕೆಳಗೆ ಬೀಳುವಷ್ಟು.

ಅವನು ಪಾಸಾದ, ಅದು ಬೇರೆ ಮಾತು. ಫಿಟ್ಟಿಂಗಿನ ಮಾರ್ಕ್ಸ್ ಮಾತ್ರ ಹೋಯಿತು. ಸಂಜೆ ಎಲ್ಲ ಮುಗಿದ ಮೇಲೆ ಎಕ್ಸ್‌ಟರ್ನಲ್ ಬೀರು ತೆಗೆಸಿ ಸೆಷನಲ್ ಜಾಬ್‌ಗಳನ್ನು ನೋಡಿದರು. ಆ ಹುಡುಗನದ್ದನ್ನು ತೆಗೆದು, ಗ್ರೀಸ್ ಒರೆಸಿ, ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದರು.

"ಈ ಹುಡುಗ ಎಡಚ ಅಲ್ವಾ ಸಾರ್?"

"ಹೌದು ಸಾರ್."

"ಸೆಷನಲ್ ಮಾಡುವಾಗ ಬಲಗೈ ಬಳಸ್ತಿದ್ನಾ?"

ಅರ್ಥವಾಗಲು ನನಗೆ ಒಂದು ಕ್ಷಣ ಬೇಕಾಯಿತು. ಬಲಗೈಯವರು ಫೈಲ್ ತಳ್ಳಿದರೆ ಗೆರೆಗಳು ಒಂದು ಕಡೆಗೆ ವಾಲುತ್ತವೆ, ಎಡಗೈಯವರದು ಇನ್ನೊಂದು ಕಡೆಗೆ. ಆ ಜಾಬಿನ ಹೊರಮೈಯ ಗೆರೆಗಳೆಲ್ಲ ಒಂದು ಕಡೆ ವಾಲಿದ್ದವು. ಸ್ಲಾಟಿನ ಒಳಗೋಡೆಯ ಮೇಲಿನ ಕೊನೆಯ ಗೆರೆಗಳು ಮಾತ್ರ ಉಲ್ಟಾ. ಅವು ನನ್ನವು. ಸಹಿ ಹಾಕಿದಷ್ಟು ಸ್ಪಷ್ಟವಾಗಿ. ಅವರು ಬೇರೇನೂ ಹೇಳಲಿಲ್ಲ, ಎಲ್ಲೂ ಬರೆಯಲೂ ಇಲ್ಲ. ಟೀ ಕುಡಿದು, ಶೀಟಿಗೆ ಸಹಿ ಹಾಕಿ, ಬಸ್ಸಿಗೆ ಹೊತ್ತಾಯಿತು ಅಂತ ಹೊರಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಮ್ಮಂಥ ಬೋಧಕರ ತರಬೇತಿ, ಅಂದರೆ ಸಿಐಟಿಎಸ್ ಮಾಡಿದವರಿಗೆ ಪಿಒಟಿ (ಬೋಧನಾ ತತ್ವಗಳ) ಕ್ಲಾಸಿನ ನಾಲ್ಕು ಮೆಟ್ಟಿಲು ನೆನಪಿರಬಹುದು: ಪ್ರಿಪರೇಷನ್, ಪ್ರೆಸೆಂಟೇಷನ್, ಅಪ್ಲಿಕೇಷನ್, ಟೆಸ್ಟ್. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಹಡಗು ಕಟ್ಟುವ ಕೆಲಸಕ್ಕೆ ಜನರನ್ನು ಬೇಗ ತಯಾರು ಮಾಡಬೇಕಿದ್ದಾಗ ಚಾರ್ಲ್ಸ್ ಅಲೆನ್ ಬಳಸಿದ ಕ್ರಮ ಅದು. ಎರಡನೇ ಮಹಾಯುದ್ಧದ ಹೊತ್ತಿಗೆ ಅದೇ ಕ್ರಮ ಟಿಡಬ್ಲ್ಯುಐ (ಟ್ರೈನಿಂಗ್ ವಿದಿನ್ ಇಂಡಸ್ಟ್ರಿ) ಅನ್ನೋ ಹೆಸರಲ್ಲಿ ಅಲ್ಲಿನ ಫ್ಯಾಕ್ಟರಿಗಳಿಗೆಲ್ಲ ಹರಡಿತು. ಕೆಲಸಗಾರ ಕಲಿತಿಲ್ಲ ಅಂದರೆ ಕಲಿಸುವವನು ಕಲಿಸಿಲ್ಲ ಅನ್ನೋದು ಅವರ ಘೋಷವಾಕ್ಯ. ಪರೀಕ್ಷೆಗೆ ಇದನ್ನೆಲ್ಲ ಬಾಯಿಪಾಠ ಮಾಡಿ ಬರೆದು ಮಾರ್ಕ್ಸ್ ತಗೊಂಡವನು ನಾನು. ಶಾಪ್‌ಫ್ಲೋರಿನಲ್ಲಿ ಮಾತ್ರ ಎರಡನೇ ಮೆಟ್ಟಿಲನ್ನೇ ಮತ್ತೆ ಮತ್ತೆ ಹತ್ತಿ, ಮೂರನೆಯದು ಅದರಲ್ಲೇ ಸೇರಿದೆ ಅಂದುಕೊಂಡಿದ್ದೆ.

ಟಿಡಬ್ಲ್ಯುಐ ಹಾಳೆಯಲ್ಲಿ ಎರಡು ಕಾಲಂ ಇರುತ್ತದೆ. ಒಂದರಲ್ಲಿ ಮುಖ್ಯ ಹಂತಗಳು, ಪಕ್ಕದಲ್ಲಿ ಕೀ ಪಾಯಿಂಟ್‌ಗಳು, ಅಂದರೆ ಕೆಲಸ ಕೂಡುವುದೋ ಕೆಡುವುದೋ ಅನ್ನೋದನ್ನು ತೀರ್ಮಾನಿಸುವ ಸಣ್ಣ ಸಣ್ಣ ಸಂಗತಿಗಳು. ನನ್ನ ನಾಲ್ಕು ಸ್ಟ್ರೋಕಿನ ಕೀ ಪಾಯಿಂಟ್ ಏನು ಅಂತ ಬರೆಯಲು ಕೂತರೆ ನನಗೇ ಬರಲಿಲ್ಲ. ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ಕೊನೆಗೆ ಮುಂದಿನ ಬ್ಯಾಚಿನ ಒಬ್ಬನ ಕೈಗೆ ಮೊಬೈಲ್ ಕೊಟ್ಟು, ನಾನು ಫಿಟ್ಟಿಂಗ್ ಮಾಡುವುದನ್ನು ಶೂಟ್ ಮಾಡು ಅಂದೆ. ಆಮೇಲೆ ಎಲ್ಲರನ್ನೂ ಕೂರಿಸಿ, ನಾನು ಏನೇನು ಮಾಡಿದೆ ಅಂತ ಪಟ್ಟಿ ಮಾಡಿಸಿದೆ.

ಪಟ್ಟಿ ನೋಡಿ ನನಗೇ ನಗು ಬಂತು. ಪೀಸ್ ಕೈಗೆ ಬಂದ ತಕ್ಷಣ, ಇನ್ನೂ ಹುಡುಗನ ಜೊತೆ ಮಾತಾಡುತ್ತಿರುವಾಗಲೇ, ಫೈಲಿನ ತುದಿಯಿಂದ ಅಂಚುಗಳನ್ನು ಸವರಿಬಿಡುತ್ತೇನೆ. ಅದೇ ಬರ್ ತೆಗೆಯೋದು. ಯಾವತ್ತೂ ಅದನ್ನು ಬಾಯಿಬಿಟ್ಟು ಹೇಳಿಲ್ಲ, ಯಾಕೆಂದರೆ ಮಾಡುತ್ತಿದ್ದೇನೆ ಅಂತಲೇ ಗೊತ್ತಿರಲಿಲ್ಲ. ಆಮೇಲೆ ಎರಡೂ ಪೀಸನ್ನು ಬೆಳಕಿಗೆ ಹಿಡಿದು ಎಲ್ಲಿ ತಾಗುತ್ತಿದೆ ಅಂತ ನೋಡುತ್ತೇನೆ. ಒತ್ತಿ ತೆಗೆದು, ಹೊಳಪು ಬಿದ್ದ ಜಾಗ ಹುಡುಕುತ್ತೇನೆ. ಆ ಜಾಗಕ್ಕೆ ಮಾತ್ರ ಫೈಲ್. ಹುಡುಗರು ನೋಡುತ್ತಿದ್ದದ್ದು ಕೊನೆಯ ಆ ಸ್ಟ್ರೋಕ್‌ಗಳನ್ನು ಮಾತ್ರ. ಕೆಲಸ ಅದಕ್ಕೆ ಮುಂಚೆಯೇ ಮುಗಿದಿರುತ್ತಿತ್ತು. ಪಟ್ಟಿಯ ಕೊನೆಗೆ ಒಬ್ಬ ಕಿಲಾಡಿ ಬರೆದಿದ್ದ: "ಸಾರ್ ಫೈಲ್ ಮಾಡಿದ ಮೈ ಮೇಲೆ ಹೆಬ್ಬೆರಳು ಸವರುತ್ತಾರೆ." ಎಣ್ಣೆ ಹತ್ತಿ ಫೈಲ್ ಜಾರುತ್ತದೆ, ಬೆರಳು ಇಡಬೇಡಿ ಅಂತ ದಿನಾ ಕಿರುಚೋನು ನಾನೇ.

ಈಗ ನಾನು ಹುಡುಗರ ಜಾಬಿಗೆ ಫೈಲ್ ಹಾಕುವುದಿಲ್ಲ. ತೋರಿಸಬೇಕಾದರೆ ಸ್ಕ್ರ್ಯಾಪ್ ಪೀಸಿನ ಮೇಲೆ ತೋರಿಸುತ್ತೇನೆ. "ಹಿಡೀತಾ ಇದೆ ಸಾರ್" ಅಂತ ಬಂದರೆ, "ಎಲ್ಲಿ ಹಿಡೀತಾ ಇದೆ, ಬೆರಳಿಟ್ಟು ತೋರಿಸು" ಅನ್ನುತ್ತೇನೆ. ಅರ್ಧ ಜನ ಅಲ್ಲೇ ವಾಪಸ್ ಹೋಗುತ್ತಾರೆ. ಮಿಕ್ಕವರಿಗೆ ಪ್ರಷ್ಯನ್ ಬ್ಲೂ ಕೊಡುತ್ತೇನೆ, ಹಚ್ಚಿ ಕೂರಿಸಿ ತೆಗೆದರೆ ಎಲ್ಲಿ ಉಬ್ಬಿದೆ ಅಂತ ಅದೇ ಹೇಳುತ್ತದೆ. ಇನ್ನೊಂದು ಕೆಲಸ ಶುರು ಮಾಡಿದ್ದೇನೆ, ಹುಡುಗರಿಗೆ ಇದು ಸ್ವಲ್ಪವೂ ಇಷ್ಟ ಇಲ್ಲ. ಸ್ಮೂತ್ ಫೈಲಿನಲ್ಲಿ ಐದು ಸ್ಟ್ರೋಕ್, ಬರ್ ತೆಗಿ, ಅಳೆ, ಬರಿ. ಮತ್ತೆ ಐದು ಸ್ಟ್ರೋಕ್. ತನ್ನ ಕೈ ಐದು ಸ್ಟ್ರೋಕಿಗೆ ಎಷ್ಟು ತೆಗೆಯುತ್ತದೆ ಅನ್ನೋದು ಪ್ರತಿಯೊಬ್ಬನಿಗೂ ಅವನವನ ಲೆಕ್ಕ. ಫೈಲ್ ಬದಲಾದರೆ ಆ ಲೆಕ್ಕವೂ ಬದಲು. ಸ್ವಲ್ಪ ದಿನದ ಮೇಲೆ ಅಳೆಯುವ ಮುಂಚೆ ಎಷ್ಟಿರಬಹುದು ಅಂತ ಅಂದಾಜು ಬರೆಸಿ, ಆಮೇಲೆ ಮೈಕ್ರೋಮೀಟರ್ ಕೈಗೆ ಕೊಡುತ್ತೇನೆ. ಮೊದಮೊದಲು ಅಂದಾಜು ಎಲ್ಲೋ ಇರುತ್ತದೆ, ಅಳತೆ ಎಲ್ಲೋ. ಕೆಲವರದು ಬರಬರುತ್ತಾ ಹತ್ತಿರ ಬರುತ್ತದೆ. ಕೆಲವರದು ಬರುವುದೇ ಇಲ್ಲ, ಅವರು ಅಂದಾಜಿನ ಕಾಲಂ ಅನ್ನು ಅಳೆದ ಮೇಲೆ ತುಂಬುತ್ತಾರೆ ಅಂತ ನನಗೂ ಗೊತ್ತು.

ಇದರಿಂದ ಜಾಬ್‌ಗಳು ತಡವಾಗುತ್ತಿವೆ. ಬೀರುವಿಗೆ ಹೋಗುವ ಪೀಸುಗಳು ನೋಡಲು ಮೊದಲಿನಷ್ಟು ಚೆಂದ ಇಲ್ಲ, ಸೆಷನಲ್ ಮಾರ್ಕ್ಸ್ ಇಳಿದಿದೆ. ಇಳಿದದ್ದು ಯಾಕೆ ಅಂತ ಆಫೀಸಿನಿಂದ ಕೇಳಿದರು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮೆಷಿನ್ ಕಾಲದಲ್ಲಿ ಇನ್ನೂ ಎಷ್ಟು ದಿನ ಫೈಲ್ ಉಜ್ಜಿಸ್ತೀರಿ ಅಂತ ಸಹೋದ್ಯೋಗಿಗಳೂ ಕೇಳುತ್ತಾರೆ. ಸಿಎನ್‌ಸಿಯಲ್ಲಿ ಪೀಸಿಗೆ ಬರ್ ಏಳುವುದಿಲ್ವಾ? ಬರ್ ಮೇಲೆ ವರ್ನಿಯರ್ ಇಟ್ಟು ಮೆಷಿನ್ನಿಗೆ ಕೊಟ್ಟ ಅಳತೆಯ ಆಫ್‌ಸೆಟ್ ಬದಲಾಯಿಸಿದರೆ ಒಂದು ಪೀಸಲ್ಲ, ಇಡೀ ಲಾಟೇ ರಿಜೆಕ್ಟ್.

ಕಳೆದ ತಿಂಗಳು ಟ್ರೈನಿಗಳ ಫೀಡ್‌ಬ್ಯಾಕ್ ಫಾರಂ ಬಂತು. ನನ್ನ ಹೆಸರಿನ ಮುಂದೆ ಮೂವರು ಒಂದೇ ಥರ ಬರೆದಿದ್ದರು: "ಜಾಬ್ ಮುಗಿಸಲು ಸಾರ್ ಸಹಾಯ ಮಾಡುವುದಿಲ್ಲ." ಪ್ರಾಚಾರ್ಯರು ಕರೆಸಿ ಲಿಖಿತ ಸಮಜಾಯಿಷಿ ಕೇಳಿದರು. ಟ್ರೈನಿಗಳು ಹೇಳಿರುವುದು ನಿಜವಾಗಿರುತ್ತದೆ ಎಂದು ಬರೆದು ಸಹಿ ಹಾಕಿದೆ. ಅದೇ ಪತ್ರಕ್ಕೆ ಸ್ಮೂತ್ ಫೈಲ್ ಇಂಡೆಂಟಿನ ಹಳೇ ಜ್ಞಾಪನಗಳನ್ನೂ ಲಗತ್ತಿಸಿ ಕೊಟ್ಟಿದ್ದೇನೆ. ಈ ವಾರ ಫೈಲ್‌ಗಳು ಬಂದವು, ಎಲ್ಲಾ ಬಾಸ್ಟರ್ಡ್.