ಡ್ರಮ್ಸ್ ಬಾರಿಸಿ ಹೊಟ್ಟೆ ತುಂಬುತ್ತಾ?

ನಾನು ಬೆಂಗಳೂರಿನಲ್ಲಿ ಡ್ರಮ್ಸ್ ಹೇಳಿಕೊಡುತ್ತೇನೆ. ಮಕ್ಕಳನ್ನು ಕ್ಲಾಸಿಗೆ ಸೇರಿಸಲು ಬರುವ ಅಪ್ಪ ಅಮ್ಮ ಫೀಸು, ಟೈಮಿಂಗು ಎಲ್ಲ ಕೇಳಿ ಮುಗಿಸುತ್ತಾರೆ. ಇನ್ನೇನು ಹೊರಟರು ಅನ್ನುವಾಗ, ಚಪ್ಪಲಿ ಹಾಕಿಕೊಳ್ಳುತ್ತಾ ಆ ಮಾತು ಬರುತ್ತದೆ. "ಸರ್, ಇದರಲ್ಲೇ ಜೀವನ ಆಗುತ್ತಾ?"

ಹೋದ ತಿಂಗಳು ಹೀಗೆ ಕೇಳಿದವರು ಒಬ್ಬ ಪಿಯುಸಿ ಹುಡುಗನ ತಾಯಿ. ಹುಡುಗನಿಗೆ ಕ್ರಾಸ್‌ಓವರ್ ಥ್ರ್ಯಾಶ್ ಬ್ಯಾಂಡಿನಲ್ಲಿ ಬಾರಿಸಬೇಕು ಅಂತ ಆಸೆ. ತಾಯಿಗೆ ಆ ಹೆಸರೇ ಹೊಸದು. ಆದರೂ ಅವರು ಮಗನನ್ನು ಬೈಯಲಿಲ್ಲ. ಮೂವತ್ತೈದು, ನಲವತ್ತು ವರ್ಷದಲ್ಲಿ ಇವನು ಏನು ಮಾಡಿಕೊಂಡಿರುತ್ತಾನೆ ಎಂದು ಅವರಿಗೆ ಗೊತ್ತಾಗಬೇಕಿತ್ತು. ಆವತ್ತು ಬಾಗಿಲಲ್ಲಿ ನಿಂತು ಎರಡು ನಿಮಿಷದಲ್ಲಿ ಏನೋ ಹೇಳಿ ಕಳಿಸಿದೆ. ಅಷ್ಟು ಒಳ್ಳೆಯ ಪ್ರಶ್ನೆಗೆ ಅದು ಸಾಲದು ಅಂತ ಆಮೇಲೆ ಅನ್ನಿಸಿತು. ಪೂರ್ತಿ ಉತ್ತರ ಇಲ್ಲಿದೆ.

ಮೊದಲು ಆ ಸಂಗೀತ ಏನು ಅಂತ ಹೇಳಿಬಿಡುತ್ತೇನೆ. 1980ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ ಹಾರ್ಡ್‌ಕೋರ್ ಪಂಕ್ ಹುಡುಗರು ಒಂದು ಕಡೆ, ಮೆಟಲ್ ಹುಡುಗರು ಇನ್ನೊಂದು ಕಡೆ. ಎರಡೂ ಜೋರು ರಾಕ್ ಸಂಗೀತವೇ. ಪಂಕ್ ಅಂದರೆ ಒಂದು ನಿಮಿಷದ ಹಾಡು, ಬೋಳಿಸಿದ ತಲೆ, ಸಿಟ್ಟು. ಮೆಟಲ್ ಅಂದರೆ ಉದ್ದ ಕೂದಲು, ಉದ್ದ ಹಾಡು, ಗಿಟಾರ್ ಸೋಲೋ. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಆದರೆ ವೇಗ ಇಬ್ಬರಿಗೂ ಇಷ್ಟ. ಆ ವೇಗದಲ್ಲೇ ಎರಡೂ ಬೆರೆತವು. ಥ್ರ್ಯಾಶ್ ಅಂದರೆ ಬಲು ವೇಗದ ಮೆಟಲ್; ಪಂಕ್ ಜೊತೆ ಅದರ ಬೆರಕೆಯೇ ಕ್ರಾಸ್‌ಓವರ್ ಥ್ರ್ಯಾಶ್. ಹ್ಯೂಸ್ಟನ್ನಿನಲ್ಲಿ ಹುಟ್ಟಿದ ಡಿ.ಆರ್.ಐ., ರಾಲೀ ಊರಿನ ಕೊರೋಶನ್ ಆಫ್ ಕನ್ಫರ್ಮಿಟಿ, ಲಾಸ್ ಏಂಜಲೀಸಿನ ವೆನಿಸ್ ಬೀಚ್ ಕಡೆಯ ಸೂಸೈಡಲ್ ಟೆಂಡೆನ್ಸೀಸ್, ನ್ಯೂಯಾರ್ಕಿನ ಎಸ್.ಓ.ಡಿ. ಇವರೆಲ್ಲ ಆ ಸಾಲಿನವರು. 1987ರಲ್ಲಿ ಡಿ.ಆರ್.ಐ. ತಮ್ಮ ಆಲ್ಬಮ್ಮಿಗೇ 'ಕ್ರಾಸ್‌ಓವರ್' ಅಂತ ಹೆಸರಿಟ್ಟಿತು.

ಡ್ರಮ್ಮರ್‌ಗೆ ಇದು ಕಷ್ಟದ ಸಂಗೀತ. ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್ ಕಿಕ್, ಕೋಲಿನಲ್ಲಿ ಬಾರಿಸುವ ಚಿಕ್ಕದು ಸ್ನೇರ್. ಪಂಕಿನ ಓಟದಲ್ಲಿ ಕಿಕ್, ಸ್ನೇರ್, ಕಿಕ್, ಸ್ನೇರ್ ಅಂತ ಒಂದರ ಹಿಂದೆ ಒಂದು ಬರುತ್ತಲೇ ಇರಬೇಕು. ಕೇಳಲು ಸುಲಭ. ನಿಮಿಷಕ್ಕೆ 200 ಬೀಟಿನ ಮೇಲೆ ಹೋದರೆ ಮುಂಗೈ ಕಲ್ಲಾಗುತ್ತದೆ. ಅಲ್ಲಿಂದ ಥ್ರ್ಯಾಶಿನ ಡಬಲ್ ಪೆಡಲ್‌ಗೆ, ಅಂದರೆ ಎರಡೂ ಕಾಲಲ್ಲಿ ಕಿಕ್ ಬಾರಿಸುವುದಕ್ಕೆ ಹಾರಬೇಕು. ಹಾರಿದ ಕೂಡಲೇ ಹಾಡು ಅರ್ಧ ವೇಗಕ್ಕೆ ಬೀಳುತ್ತದೆ. ಜನ ಕುಣಿದು ಡಿಕ್ಕಿ ಹೊಡೆಯುವ ಜಾಗ ಅದು. ಅಲ್ಲಿ ಒಂದೊಂದು ಏಟೂ ಭಾರವಾಗಿ, ಸ್ವಲ್ಪ ತಡೆದು ಬೀಳಬೇಕು. ಎರಡು ನಿಮಿಷದ ಹಾಡಿನಲ್ಲಿ ಮೂರೂ ಬರುತ್ತವೆ. 1985ರ ಎಸ್.ಓ.ಡಿ. ಆಲ್ಬಮ್ಮಿನಲ್ಲಿ ಚಾರ್ಲಿ ಬೆನಾಂಟೆ ಬಾರಿಸಿರುವುದನ್ನು ಕೇಳಿ. ಮೂರೇ ದಿನದಲ್ಲಿ ರೆಕಾರ್ಡ್ ಆದ ಆಲ್ಬಮ್ ಅದು.

ಇಷ್ಟು ಕಷ್ಟಪಟ್ಟವರಿಗೆ ದುಡ್ಡು ಬಂತಾ? ಶುರುವಿನಲ್ಲಿ ಇಲ್ಲವೇ ಇಲ್ಲ. ಡಿ.ಆರ್.ಐ.ನ ಮೊದಲ ರೆಕಾರ್ಡ್ ಏಳು ಇಂಚಿನ ಸಣ್ಣ ತಟ್ಟೆ. ಅದರಲ್ಲಿ 22 ಹಾಡು. ಬಾರಿಸಿದ ಎರಿಕ್ ಬ್ರೆಕ್ಟ್, ಹಾಡುಗಾರ ಕರ್ಟ್ ಬ್ರೆಕ್ಟ್‌ನ ಒಡಹುಟ್ಟಿದವನು. 1983ರಲ್ಲಿ ಬ್ಯಾಂಡ್ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯಿತು. ಅಲ್ಲಿ ವ್ಯಾನಿನಲ್ಲೇ ಮಲಗಿದರು. ಬಡವರಿಗೆ ಪುಕ್ಕಟೆ ಊಟ ಹಾಕುವ ಕಡೆ ಉಂಡರು. ಎರಿಕ್ ಬಿಟ್ಟುಹೋದ. ಆ ಜಾಗಕ್ಕೆ ಫೆಲಿಕ್ಸ್ ಗ್ರಿಫಿನ್ ಬಂದ. 'ಕ್ರಾಸ್‌ಓವರ್' ಆಲ್ಬಮ್ಮಿನಲ್ಲಿ ಕೇಳುವುದು ಅವನ ಕೈ. ಅವನೂ 1990ರ ಹೊತ್ತಿಗೆ ಹೊರಗೆ ಬಂದ. ಬ್ಯಾಂಡ್ ಮುಂದೆ ಹೋಯಿತು. ಇಲ್ಲಿ ಒಂದು ವಿಷಯ ನೋಡಿ. ಬ್ಯಾಂಡ್ ಉಳಿಯುತ್ತದೆ, ಡ್ರಮ್ಮರ್ ಬದಲಾಗುತ್ತಾನೆ. ಈ ಸಂಗೀತದಲ್ಲಿ ಮತ್ತೆ ಮತ್ತೆ ಹೀಗೇ ಆಗಿದೆ. ಅದಕ್ಕೇ ನಾನು ಅಪ್ಪ ಅಮ್ಮಂದಿರಿಗೆ ಯಾವುದೋ ಬ್ಯಾಂಡಿನ ಕಥೆ ಹೇಳುವುದಿಲ್ಲ. ಒಬ್ಬ ಮನುಷ್ಯನ ಕಥೆ ಹೇಳುತ್ತೇನೆ. ಅವನು ಸ್ಲೇಯರ್ ಎಂಬ ಥ್ರ್ಯಾಶ್ ಬ್ಯಾಂಡಿನಲ್ಲಿ ಬಾರಿಸಿ ಹೆಸರಾದ ಡೇವ್ ಲೊಂಬಾರ್ಡೋ.

ಲೊಂಬಾರ್ಡೋ ಹುಟ್ಟಿದ್ದು 1965ರಲ್ಲಿ, ಕ್ಯೂಬಾದ ಹವಾನಾದಲ್ಲಿ. ಮಗುವಾಗಿದ್ದಾಗಲೇ ಮನೆಯವರು ಕ್ಯಾಲಿಫೋರ್ನಿಯಾಗೆ ಬಂದರು. ಚಿಕ್ಕವನಿದ್ದಾಗ ಬೊಂಗೋ ಬಾರಿಸಿದ. ಹತ್ತು ವರ್ಷಕ್ಕೆ ಅಪ್ಪ ಒಂದು ಡ್ರಮ್ ಕಿಟ್ ತೆಗೆದುಕೊಟ್ಟರು. ಕಿಸ್ ಬ್ಯಾಂಡಿನ ಲೈವ್ ರೆಕಾರ್ಡನ್ನು ಮತ್ತೆ ಮತ್ತೆ ಹಾಕಿ, ಅದರಲ್ಲಿದ್ದ ಡ್ರಮ್ ಸೋಲೋವನ್ನು ಕೇಳಿ ಕೇಳಿಯೇ ಕಲಿತ. ಹುಡುಗನಾಗಿದ್ದಾಗ ಪಿಜ್ಜಾ ಡೆಲಿವರಿ ಕೆಲಸ ಮಾಡುತ್ತಿದ್ದ. ಆ ಕೆಲಸದಲ್ಲಿ ಓಡಾಡುವಾಗಲೇ ಕೆರಿ ಕಿಂಗ್ ಎಂಬ ಗಿಟಾರ್ ಹುಡುಗನನ್ನು ಮಾತಾಡಿಸಿದ. 1981ರಲ್ಲಿ ಸ್ಲೇಯರ್ ಶುರುವಾಯಿತು.

ಬ್ಯಾಂಡಿನ ಇನ್ನೊಬ್ಬ ಗಿಟಾರಿಗ ಜೆಫ್ ಹ್ಯಾನೆಮನ್‌ಗೆ ಹಾರ್ಡ್‌ಕೋರ್ ಪಂಕ್ ಹುಚ್ಚು. ಅವನು ಆ ರೆಕಾರ್ಡುಗಳನ್ನು ಲೊಂಬಾರ್ಡೋಗೆ ಕೇಳಿಸಿದ. ಬ್ಯಾಂಡಿನ ವೇಗ ಏರಿದ್ದು ಅದರಿಂದ. ಹಾಗಾಗಿ ಸ್ಲೇಯರ್ ಥ್ರ್ಯಾಶ್ ಬ್ಯಾಂಡ್ ಆದರೂ ಅದರ ಡ್ರಮ್ಸ್ ಒಳಗೆ ಪಂಕ್ ಮೊದಲಿಂದಲೂ ಇತ್ತು. ಮೊದಲ ಆಲ್ಬಮ್ಮಿಗೆ ದುಡ್ಡು ಬಂದದ್ದು ಹಾಡುಗಾರ ಟಾಮ್ ಅರಾಯನ ಉಳಿತಾಯದಿಂದ ಮತ್ತು ಕಿಂಗ್‌ನ ಅಪ್ಪನ ಸಾಲದಿಂದ. ಅರಾಯ ಆಸ್ಪತ್ರೆ ಕೆಲಸದಲ್ಲಿದ್ದ. 1984ರ ರೆಕಾರ್ಡಿಂಗ್ ಒಂದರಲ್ಲಿ ನೆಲಕ್ಕೆ ಕಾರ್ಪೆಟ್ ಇರಲಿಲ್ಲ. ಬಾರಿಸಿದಂತೆಲ್ಲ ಕಿಟ್ ಜಾರುತ್ತಿತ್ತು. ಗೆಳೆಯ ಜೀನ್ ಹೋಗ್ಲನ್ ಕೂತು ಅದನ್ನು ಗಟ್ಟಿಯಾಗಿ ಹಿಡಿದುಕೊಂಡ. ಮುಂದೆ ಆ ಹೋಗ್ಲನ್ ಕೂಡ ಮೆಟಲ್‌ನ ದೊಡ್ಡ ಡ್ರಮ್ಮರ್ ಆದ. ಈ ಸಂಗತಿ ನನ್ನ ಕ್ಲಾಸಿನ ಮಕ್ಕಳಿಗೆ ಬಹಳ ಇಷ್ಟ.

1986ರಲ್ಲಿ 'ರೇನ್ ಇನ್ ಬ್ಲಡ್' ಬಂತು. ಹತ್ತು ಹಾಡು, ಎಲ್ಲ ಸೇರಿ 29 ನಿಮಿಷವೂ ಇಲ್ಲ. 'ಏಂಜೆಲ್ ಆಫ್ ಡೆತ್' ಹಾಡಿನ ಕೊನೆಗೆ ಗಿಟಾರ್ ಎಲ್ಲ ನಿಂತು ಎರಡು ಕಾಲು ಮಾತ್ರ ಓಡುತ್ತವಲ್ಲ, ಆ ನಾಲ್ಕು ಸೆಕೆಂಡು ಕೇಳಿ ಎಷ್ಟು ಜನ ಡಬಲ್ ಪೆಡಲ್ ಕೊಂಡಿದ್ದಾರೋ! ನಾನೂ ಅವರಲ್ಲಿ ಒಬ್ಬ. ಆದರೆ ಆ ಆಲ್ಬಮ್ ಬಂದ ವರ್ಷವೇ, ಪ್ರವಾಸದ ಮಧ್ಯದಲ್ಲೇ, ಲೊಂಬಾರ್ಡೋ ಬ್ಯಾಂಡ್ ಬಿಟ್ಟ. ಕಾರಣ ಮನೆ ಬಾಡಿಗೆ. ದೊಡ್ಡ ಕಂಪನಿಯಿಂದ ರೆಕಾರ್ಡ್ ಬಂದಿದೆ, ಕೈಯಲ್ಲಿ ಮಾತ್ರ ದುಡ್ಡಿಲ್ಲ. ಬಾಡಿಗೆಗೂ ಕರೆಂಟ್ ಬಿಲ್ಲಿಗೂ ಆಗುವಷ್ಟಾದರೂ ಬರಬೇಕು ಅಂತ ಅವನು ಕೇಳಿದ್ದ. ಆಗ ಅವನ ವಯಸ್ಸು 21. ಮರುವರ್ಷ ಹೆಂಡತಿ ಹೇಳಿ ಹೇಳಿ ಒಪ್ಪಿಸಿದರು. ವಾಪಸ್ ಹೋದ.

1992ರಲ್ಲಿ ಮತ್ತೆ ಹೊರಗೆ. ಬ್ಯಾಂಡಿನವರ ಜೊತೆ ಹೊಂದಾಣಿಕೆ ಕೆಟ್ಟಿತ್ತು. ಜೊತೆಗೆ ಮೊದಲ ಮಗು ಹುಟ್ಟುವಾಗ ಊರಲ್ಲಿರಬೇಕು ಅಂತ ಅವನಿಗಿತ್ತು. ಇದನ್ನು ಹೇಳುವಾಗ ತಾಯಂದಿರ ಮುಖ ಬದಲಾಗುತ್ತದೆ. ಡ್ರಮ್ಮರ್ ಅಂದರೆ ಮನೆ ಮಠ ಇಲ್ಲದವನು ಅಂತ ಅಂದುಕೊಂಡಿರುತ್ತಾರೆ ಅಲ್ವಾ.

ಆಮೇಲಿನ ಹತ್ತು ವರ್ಷವೇ ನನ್ನ ಉತ್ತರದ ಮುಖ್ಯ ಭಾಗ. ದೊಡ್ಡ ಬ್ಯಾಂಡ್ ಕೈಬಿಟ್ಟಿದೆ. ಅವನು ಸುಮ್ನೆ ಕೂರಲಿಲ್ಲ. ಗ್ರಿಪ್ ಇಂಕ್ ಎಂಬ ಸ್ವಂತ ಬ್ಯಾಂಡ್ ಕಟ್ಟಿದ. ಹಾಡುಗಾರ ಮೈಕ್ ಪ್ಯಾಟನ್ ಜೊತೆ ಫ್ಯಾಂಟೊಮಾಸ್ ಎಂಬ ವಿಚಿತ್ರ ಬ್ಯಾಂಡಿಗೆ ಸೇರಿದ. ಅಲ್ಲಿ ಹಾಡಿಗೆ ಲೆಕ್ಕವೇ ಸಿಗುವುದಿಲ್ಲ, ಕಣ್ಸನ್ನೆ ನೋಡಿಕೊಂಡು ಬಾರಿಸಬೇಕು. 1999ರಲ್ಲಿ ಟೆಸ್ಟಮೆಂಟ್ ಎಂಬ ಥ್ರ್ಯಾಶ್ ಬ್ಯಾಂಡಿನ ಆಲ್ಬಮ್ಮಿಗೆ ಬಾರಿಸಿದ. ಅದೇ ವರ್ಷ ಇಟಲಿಯವರ ಜೊತೆ ಸೇರಿ ವಿವಾಲ್ಡಿಯ ಶಾಸ್ತ್ರೀಯ ಸಂಗೀತಕ್ಕೆ ಡ್ರಮ್ಸ್ ಹಾಕಿದ. ಸ್ಲೇಯರ್ ಡ್ರಮ್ಮರ್ ವಿವಾಲ್ಡಿಗೆ! 2001ರ ಕೊನೆಯಲ್ಲಿ ಸ್ಲೇಯರ್‌ನ ಆಗಿನ ಡ್ರಮ್ಮರ್ ಪಾಲ್ ಬೋಸ್ಟಾಫ್‌ಗೆ ಮೊಣಕೈ ಪೆಟ್ಟು ವಾಸಿಯಾಗದೆ ಬಿಡಬೇಕಾಯಿತು. ಆಗ ಲೊಂಬಾರ್ಡೋಗೆ ಮತ್ತೆ ಕರೆ ಬಂತು. ಹತ್ತು ವರ್ಷ ಬೇರೆ ಬೇರೆ ಕಡೆ ಕೈ ಆಡುತ್ತಲೇ ಇದ್ದದ್ದರಿಂದ ಅವನು ಹೋಗಿ ಕೂತು ಬಾರಿಸಲು ಸಾಧ್ಯವಾಯಿತು. ಆ ಸಲದ ಆಲ್ಬಮ್ಮಿನ ಎರಡು ಹಾಡಿಗೆ ಗ್ರ್ಯಾಮಿ ಬಂತು.

ನಾನು ಅವನನ್ನು ಕಣ್ಣಾರೆ ಕಂಡದ್ದು 2012ರ ಅಕ್ಟೋಬರ್ 20ರಂದು. ಸ್ಲೇಯರ್ ಬೆಂಗಳೂರಿಗೆ ಬಂದಿತ್ತು. ತಣಿಸಂದ್ರ ಕಡೆ ಭಾರತೀಯ ಸಿಟಿಯಲ್ಲಿ ಶೋ. ನಾನು ಬೇಕಂತಲೇ ಒಂದು ಪಕ್ಕಕ್ಕೆ ನಿಂತೆ, ಕಾಲು ಕಾಣಲಿ ಅಂತ. ಕಾಲು ಕಾಣಲಿಲ್ಲ. ಕಂಡದ್ದು ಭುಜ. ಇಷ್ಟು ವೇಗದ ಹಾಡು, ಇಷ್ಟು ಶಬ್ದ, ಅವನ ಭುಜ ಮಾತ್ರ ಕಿವಿಯ ಕಡೆ ಏರುತ್ತಿಲ್ಲ. ಕೆಳಗೆ ಇಳಿದೇ ಇದೆ. ನಾನು ಅಷ್ಟು ವರ್ಷ ಭುಜ ಬಿಗಿಹಿಡಿದೇ ಬಾರಿಸುತ್ತಿದ್ದೆ. ಮನೆಗೆ ಬಂದ ಮೇಲೆ ಕನ್ನಡಿ ಮುಂದೆ ಅಭ್ಯಾಸದ ರಬ್ಬರ್ ಪ್ಯಾಡ್ ಇಟ್ಟುಕೊಂಡು ಕೂತೆ. ಭುಜ ಇಳಿಸಿ ಬಾರಿಸಲು ಕಲಿಯುವುದಕ್ಕೆ ಒಂದು ವರ್ಷ ಹಿಡಿಯಿತು.

ಆ ರಾತ್ರಿ ನಾವೆಲ್ಲ ಅವನು ಜಗತ್ತಿನ ತುದಿಯಲ್ಲಿ ಕೂತಿದ್ದಾನೆ ಅಂದುಕೊಂಡಿದ್ದೆವು. ನಾಲ್ಕು ತಿಂಗಳಿಗೆ ಅವನು ಬ್ಯಾಂಡಿನಲ್ಲಿ ಇರಲಿಲ್ಲ. 2013ರ ಫೆಬ್ರವರಿಯಲ್ಲಿ, ಆಸ್ಟ್ರೇಲಿಯಾ ಪ್ರವಾಸಕ್ಕೆ ಮುಂಚೆ, ಜಗಳ ಬಹಿರಂಗವಾಯಿತು. ಪ್ರವಾಸದ ಆದಾಯದಲ್ಲಿ ಶೇಕಡಾ 90ರಷ್ಟು ಖರ್ಚು ಮತ್ತು ಮ್ಯಾನೇಜ್‌ಮೆಂಟ್ ಮುಂತಾದ ಶುಲ್ಕಕ್ಕೇ ಹೋಗುತ್ತಿದೆ, ಉಳಿದ 10ನ್ನು ನಾಲ್ವರು ಹಂಚಿಕೊಳ್ಳಬೇಕು, ಲೆಕ್ಕ ಕೇಳಿದರೆ ಪೂರ್ತಿ ತೋರಿಸುತ್ತಿಲ್ಲ ಎಂದು ಅವನು ಬರೆದ. ಬ್ಯಾಂಡ್ ಇದನ್ನು ಒಪ್ಪಲಿಲ್ಲ. ಹೊರಡಲು ಒಂದು ವಾರವೂ ಇಲ್ಲದಾಗ ಹೊಸ ಷರತ್ತು ತಂದ ಎಂಬುದು ಅವರ ಮಾತು. ಯಾರು ಸರಿ ಎಂದು ತೀರ್ಪು ಕೊಡಲು ನಾನು ಆ ಕಾಗದ ಪತ್ರ ನೋಡಿದವನಲ್ಲ. ಆದರೆ 21ರಲ್ಲಿ ಬಾಡಿಗೆಗೆ ಜಗಳವಾಡಿದವನು 48ರಲ್ಲೂ ಲೆಕ್ಕಕ್ಕೆ ಜಗಳವಾಡಬೇಕಾಯಿತು. ಮಗನನ್ನು ಡ್ರಮ್ಮರ್ ಮಾಡಬೇಕು ಅನ್ನುವವರು ಇದನ್ನು ತಿಳಿದಿರಬೇಕು. ಈ ಹುಡುಗರಿಗೆ ಡಬಲ್ ಪೆಡಲ್ ಜೊತೆ ಒಪ್ಪಂದದ ಕಾಗದ ಓದುವುದನ್ನೂ ಹೇಳಿಕೊಡಬೇಕು. ನನಗೆ ಯಾರೂ ಹೇಳಿಕೊಡಲಿಲ್ಲ. ಒಬ್ಬ ಆಯೋಜಕರು ಮೂರು ಶೋ ಮಾಡಿಸಿಕೊಂಡು ಒಂದರ ದುಡ್ಡು ಮಾತ್ರ ಕೊಟ್ಟರು. ಕೇಳಲು ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

48ಕ್ಕೆ ಕೆಲಸ ಹೋದ ಮೇಲೆ ಲೊಂಬಾರ್ಡೋ ಏನು ಮಾಡಿದ? ನನಗೆ ಅವನ ಮೇಲೆ ಪ್ರೀತಿ ಹೆಚ್ಚಿದ್ದು ಇಲ್ಲಿಂದ. ಅವನು ಪಂಕಿಗೆ ವಾಪಸ್ ಬಂದ. 2015ರಲ್ಲಿ ಡೆಡ್ ಕ್ರಾಸ್ ಎಂಬ ಹಾರ್ಡ್‌ಕೋರ್ ಬ್ಯಾಂಡ್ ಕಟ್ಟಿದ. 2016ರಲ್ಲಿ ಸೂಸೈಡಲ್ ಟೆಂಡೆನ್ಸೀಸ್ ಸೇರಿದ. ಹಳೆಯ ಮಿಸ್‌ಫಿಟ್ಸ್ ಮತ್ತೆ ಒಟ್ಟಾದಾಗ ಅಲ್ಲೂ ಅವನೇ. 51ನೇ ವರ್ಷದಲ್ಲಿ, ಒಂದೇ ವರ್ಷ, ಮೂರು ಪಂಕ್ ಬ್ಯಾಂಡು. ಆ ವರ್ಷದ ಸೂಸೈಡಲ್ ಆಲ್ಬಮ್ 'ವರ್ಲ್ಡ್ ಗಾನ್ ಮ್ಯಾಡ್' ಕೇಳಿದರೆ ಗೊತ್ತಾಗುತ್ತದೆ. ಕೊನೆಯ ಸ್ಲೇಯರ್ ವರ್ಷಗಳಿಗಿಂತ ಅವನ ಕೈ ಇಲ್ಲಿ ಹಗುರ, ಖುಷಿ ಜಾಸ್ತಿ. ಇದು ನನ್ನ ಅಭಿಪ್ರಾಯ, ಸ್ಲೇಯರ್ ಅಭಿಮಾನಿಗಳು ಬೇಜಾರಾಗಬಾರದು.

2020ರಲ್ಲಿ ಮಿಸ್ಟರ್ ಬಂಗಲ್ ಬ್ಯಾಂಡಿನ ಆಲ್ಬಮ್ ಬಂತು. ಎಸ್.ಓ.ಡಿ.ಯ ಸ್ಕಾಟ್ ಇಯನ್ ಗಿಟಾರ್, ಲೊಂಬಾರ್ಡೋ ಡ್ರಮ್ಸ್. ಅದರಲ್ಲಿ ಎಸ್.ಓ.ಡಿ.ಯ ಹಳೆಯ ಹಾಡು 'ಸ್ಪೀಕ್ ಇಂಗ್ಲಿಷ್ ಆರ್ ಡೈ' ಇದೆ. ಇಂಗ್ಲಿಷ್ ಮಾತಾಡು ಇಲ್ಲ ಸಾಯಿ ಅನ್ನುವ ಆ ಹಾಡನ್ನು ಇವರು ಸ್ಪ್ಯಾನಿಷ್‌ಗೆ ತಿರುಗಿಸಿದ್ದಾರೆ. ಸ್ಪ್ಯಾನಿಷ್ ಮಾತಾಡು ಇಲ್ಲ ಸಾಯಿ! ಹಿಂದೆ ಕೂತು ಬಾರಿಸುತ್ತಿರುವವನು ಹವಾನಾದಲ್ಲಿ ಹುಟ್ಟಿದವನು. ಮೊದಲ ಸಲ ಕೇಳಿದಾಗ ನನಗೆ ರೋಮ ನೆಟ್ಟಗಾಯಿತು. 2023ರಲ್ಲಿ ಅವನು ಬರೀ ತಾಳವಾದ್ಯಗಳ ಸ್ವಂತ ಆಲ್ಬಮ್ಮನ್ನೂ ತಂದ.

ಎಲ್ಲರಿಗೂ ಹೀಗೆ ಆಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಕೊರೋಶನ್ ಆಫ್ ಕನ್ಫರ್ಮಿಟಿಯ ಡ್ರಮ್ಮರ್ ರೀಡ್ ಮುಲಿನ್ 1982ರಲ್ಲಿ ಬ್ಯಾಂಡ್ ಹುಟ್ಟುಹಾಕಿದವರಲ್ಲಿ ಒಬ್ಬ. ಪಂಕಿನ ಓಟವನ್ನೂ ಬ್ಲ್ಯಾಕ್ ಸಬ್ಬತ್ ಬ್ಯಾಂಡಿನಂಥ ನಿಧಾನದ ಭಾರವನ್ನೂ ಒಂದೇ ಕೈಯಲ್ಲಿ ಇಟ್ಟುಕೊಂಡಿದ್ದವನು. 2001ರಲ್ಲಿ ಬಿಟ್ಟ, 2010ರಲ್ಲಿ ಮರಳಿದ, ಕೊನೆಕೊನೆಗೆ ಆರೋಗ್ಯ ಕೈಕೊಟ್ಟಿತು. 2020ರ ಜನವರಿ 27ರಂದು ತೀರಿಕೊಂಡಾಗ ಅವನಿಗೆ 53. ಎಸ್.ಓ.ಡಿ.ಯಲ್ಲಿ ಬಾರಿಸಿದ ಬೆನಾಂಟೆಗೆ ಮಣಿಕಟ್ಟಿನ ನರದ ತೊಂದರೆ ಬಂದು ಪ್ರವಾಸಗಳಿಗೆ ಬೇರೆಯವರನ್ನು ಕಳಿಸಬೇಕಾಯಿತು. ಈ ಕೆಲಸದಲ್ಲಿ ಮೈ ಸವೆಯುತ್ತದೆ. ನನ್ನ ಎಡಗಿವಿಯಲ್ಲಿ ರಾತ್ರಿ ಹೊತ್ತು ಸಣ್ಣ ಸಿಳ್ಳೆ ಕೇಳುತ್ತದೆ. ಇಪ್ಪತ್ತರ ವಯಸ್ಸಿನಲ್ಲಿ ಜಾಮ್ ರೂಮಿನಲ್ಲಿ ಕಿವಿಗೆ ಏನೂ ಹಾಕಿಕೊಳ್ಳದೆ ಬಾರಿಸಿದ್ದರ ಫಲ.

ಹಾಗಾದರೆ ಆ ತಾಯಿಗೆ ನನ್ನ ಉತ್ತರ ಇದು. ಆಗುತ್ತೆ ಅಮ್ಮ. ಆದರೆ ಒಂದು ಬ್ಯಾಂಡ್ ಕೈಹಿಡಿದು ಕೊನೆತನಕ ಸಾಕುತ್ತದೆ ಅಂತ ನಂಬಬೇಡಿ. ಲೊಂಬಾರ್ಡೋನನ್ನೇ ಸಾಕಲಿಲ್ಲ. ನಾನು ವಾರಕ್ಕೆ ಐದು ದಿನ ಕ್ಲಾಸ್ ಮಾಡುತ್ತೇನೆ, ಸ್ಟುಡಿಯೋ ಕರೆದರೆ ಹೋಗುತ್ತೇನೆ, ಗಣೇಶನ ಹಬ್ಬದಲ್ಲಿ ಆರ್ಕೆಸ್ಟ್ರಾಗೆ ಬಾರಿಸುತ್ತೇನೆ. ಥ್ರ್ಯಾಶ್ ಬಾರಿಸುವುದು ವರ್ಷಕ್ಕೆ ನಾಲ್ಕೋ ಐದೋ ಸಲ. ಆರ್ಕೆಸ್ಟ್ರಾದಲ್ಲಿ ಹಳೆಯ ಕನ್ನಡ ಹಾಡಿಗೆ ಕೈ ತಡೆದು ಬಾರಿಸಿದ್ದರಿಂದಲೇ ಥ್ರ್ಯಾಶಿನ ನಿಧಾನದ ಭಾಗ ನನಗೆ ಕೈಗೆ ಬಂತು. ಇದು ನನ್ನ ಜೀವನ, ಇದರಿಂದಲೇ ಮನೆ ನಡೆಯುತ್ತಿದೆ.

ಕಿಟ್ ಈಗಲೇ ಕೊಡಿಸಬೇಡಿ. ಒಂದು ಪ್ರಾಕ್ಟೀಸ್ ಪ್ಯಾಡು, ಒಂದು ಜೊತೆ ಕೋಲು, ಕಿವಿಗೆ ಪ್ಲಗ್, ಇಷ್ಟು ಸಾಕು. ವೇಗದ ಲೆಕ್ಕ ಕೊಡುವ ಮೆಟ್ರೋನೋಮ್ ಫೋನಿನಲ್ಲೇ ಸಿಗುತ್ತದೆ. ನಿಮ್ಮ ಹುಡುಗ ಈಗ ಪ್ಯಾಡಿನ ಮೇಲೆ ನಿಮಿಷಕ್ಕೆ 140 ಬೀಟಿಗೆ ಬಂದಿದ್ದಾನೆ. ಎಡಗೈ ಇನ್ನೂ ಸ್ವಲ್ಪ ತಡವಾಗುತ್ತಿದೆ, ಭುಜ ಮೇಲೇರುತ್ತಿದೆ. ಈ ಶನಿವಾರ ಅವನನ್ನು ಕನ್ನಡಿ ಮುಂದೆ ಕೂರಿಸುತ್ತೇನೆ.