ಇಳಿಜಾರು ಇಳಿಯಲೊಲ್ಲದ ಹಸು

2024 ನವೆಂಬರ್ 14, ಗುರುವಾರ
ತೀರ್ಥಹಳ್ಳಿ

ಮಂಗಳವಾರ ಅಜೀರ್ಣವೆಂದು ತೀರ್ಮಾನಿಸಿ ಪುಡಿ ಕೊಟ್ಟು ಬಂದಿದ್ದ ಹಸುವನ್ನು ಇಂದು ಬೆಳಿಗ್ಗೆ ಮತ್ತೆ ನೋಡಬೇಕಾಯಿತು. ಹೊತ್ತಿಗೆ ಐದು ಲೀಟರ್ ಇದ್ದ ಹಾಲು ಒಂದೂವರೆಗೆ ಇಳಿದಿದೆ ಎಂದು ಮನೆಯ ಅಮ್ಮ ಫೋನಿನಲ್ಲಿ ಹೇಳಿದಾಗಲೇ ನನ್ನ ತೀರ್ಮಾನದ ಮೇಲೆ ನನಗೆ ಅನುಮಾನ ಹುಟ್ಟಿತ್ತು. ಮೊನ್ನೆ ಇಬ್ಬರು ಮೂಗುದಾರ ಜಗ್ಗಿ, ಇನ್ನೊಬ್ಬ ಬಾಲ ತಿರುಚಿ ನಿಲ್ಲಿಸಿದ್ದ ಹಸುವಿನ ನಾಡಿ ಎಣಿಸಿ, ನೂರರ ಮೇಲಿದೆ ಎಂದು ಬರೆದುಕೊಂಡಿದ್ದೆ. ನೆಮ್ಮದಿಯಿಂದ ನಿಂತ ಹಸುವಿನಲ್ಲಿ ಅದು 48ರಿಂದ 84ರ ನಡುವೆ ಇರಬೇಕಾದ್ದರಿಂದ, ನಾನು ಎಣಿಸಿದ್ದು ರೋಗವನ್ನೋ ಹೆದರಿಕೆಯನ್ನೋ ಎಂದು ಹೇಳುವ ಹಾಗೆಯೇ ಇರಲಿಲ್ಲ. ಬೇಟೆಗೆ ಸಿಗುವ ಜಾತಿಯ ಪ್ರಾಣಿ ಹೊಸಬರ ಎದುರು ನೋವನ್ನು ಅಡಗಿಸಿಕೊಳ್ಳುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನೂ ನಾನೇ.

ಇಂದು ಚೀಲವನ್ನು ಜಗುಲಿಯಲ್ಲಿಟ್ಟು, ಕೊಟ್ಟಿಗೆಯ ಹೊರಗೆ ಕಾಲು ಗಂಟೆ ಸುಮ್ಮನೆ ಕುಳಿತೆ. ಹಸು ಮುಂಗಾಲೆರಡನ್ನೂ ಗೋದಲಿಯ ಬುಡದ ಕಟ್ಟೆಯ ಮೇಲಿಟ್ಟು, ಬೆನ್ನು ಬಾಗಿಸಿ, ಮೊಣಕೈಗಳನ್ನು ಎದೆಯಿಂದ ದೂರ ಸರಿಸಿ ನಿಂತಿತ್ತು; ಮೆಲುಕು ಒಮ್ಮೆಯೂ ಕಾಣಲಿಲ್ಲ; ನಡುನಡುವೆ, ಕಿವಿಗೊಟ್ಟರೆ ಮಾತ್ರ ಕೇಳುವಷ್ಟು ಸಣ್ಣಗೆ ನರಳುತ್ತಿತ್ತು. ಆಗ ಅಮ್ಮ, "ಡಾಕ್ಟ್ರೇ, ನಾಲ್ಕು ದಿನದಿಂದ ಹಳ್ಳದ ಕಡೆ ಇಳಿಯೋಕೆ ಒಪ್ಪೋದೇ ಇಲ್ಲ, ಗುಡ್ಡ ಹತ್ತೋದಾದ್ರೆ ಹತ್ತುತ್ತಾಳೆ" ಎಂದರು. ಮೊನ್ನೆ ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಹಸು ಮೇವನ್ನು ತುಟಿಯಿಂದ ಆರಿಸುವುದಿಲ್ಲ, ನಾಲಿಗೆಯಿಂದ ಬಾಚಿ ನುಂಗುತ್ತದೆ. ಹಾಗೆ ಒಳಸೇರಿದ ತಂತಿಯ ಚೂರು ಜೇನುಗೂಡಿನಂತಿರುವ ಎರಡನೆಯ ಹೊಟ್ಟೆಯಲ್ಲಿ ಉಳಿದುಬಿಡುತ್ತದೆ. ಹೆಚ್ಚುಕಡಿಮೆ ನಿಮಿಷಕ್ಕೊಮ್ಮೆ ಸಂಕುಚಿಸುವ ಆ ಹೊಟ್ಟೆ ತಂತಿಯನ್ನು ತನ್ನ ಗೋಡೆಗೇ ಒತ್ತಿಕೊಳ್ಳುತ್ತದೆ. ಅದರ ಮುಂದೆ ವಪೆ, ವಪೆಯಾಚೆ ಹೃದಯ. ಇಳಿಜಾರಿನಲ್ಲಿ ಹೊಟ್ಟೆಯ ಭಾರವೆಲ್ಲ ಮುಂದಕ್ಕೆ ಬಂದು ಗಾಯದ ಮೇಲೆ ಬೀಳುವುದರಿಂದ ಅದು ಇಳಿಯಲೊಲ್ಲದು, ಮುಂಗಾಲು ಎತ್ತರದಲ್ಲಿದ್ದರೆ ಅಷ್ಟು ಹಗುರ. ಅಂದರೆ ಹಸು ತನ್ನ ಚಿಕಿತ್ಸೆಯ ಒಂದು ಭಾಗವನ್ನು ನನಗಿಂತ ಮೊದಲೇ ಶುರುಮಾಡಿಕೊಂಡಿತ್ತು.

ನೇರ ಹಿಂದಿನಿಂದ ಬರುವವರು ಹಸುವಿಗೆ ಕಾಣುವುದಿಲ್ಲವಾದ್ದರಿಂದ, ಮಾತನಾಡುತ್ತಲೇ ಪಕ್ಕದಿಂದ ಭುಜದ ಬಳಿಗೆ ಹೋದೆ. ಮೂಗುದಾರವನ್ನು ಯಾರೂ ಹಿಡಿಯಲಿಲ್ಲ. ಅಮ್ಮ ಗಂಗೆದೊಗಲು ತುರಿಸುತ್ತ ನಿಂತರು. ನಾಡಿ 82, ಜ್ವರ 103. ಭುಜದ ಮೇಲಿನ ಚರ್ಮವನ್ನು ಹಿಡಿದು ಚಿವುಟಿದೆ. ನೋವಿಲ್ಲದ ಹಸುವಾಗಿದ್ದರೆ ಬೆನ್ನು ತಗ್ಗಿಸಬೇಕಿತ್ತು, ಇದು ಬೆನ್ನನ್ನು ಬಿಗಿಹಿಡಿದು ನರಳಿತು. ಹೃದಯದ ಸದ್ದು ಸ್ಪಷ್ಟವಾಗಿತ್ತು, ಕುತ್ತಿಗೆಯ ರಕ್ತನಾಳ ಉಬ್ಬಿರಲಿಲ್ಲ. ತಂತಿ ಇನ್ನೂ ಅಲ್ಲಿಗೆ ಮುಟ್ಟಿಲ್ಲವೆಂದು ಸಮಾಧಾನವಾಯಿತು.

ಬಾಯಿಯ ಮೂಲಕ ಅಯಸ್ಕಾಂತ ನುಂಗಿಸಿ, ಆ್ಯಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟು, ಮುಂಭಾಗ ಎತ್ತರವಾಗುವಂತೆ ಹಲಗೆ ಹಾಸಿ ಅಲ್ಲೇ ಕಟ್ಟಿರಲು ಹೇಳಿದೆ. ಮೂರು ದಿನದಲ್ಲಿ ಮೇವು ಹಿಡಿಯದಿದ್ದರೆ ಹೊಟ್ಟೆ ಕೊಯ್ದು ತೆಗೆಯಬೇಕಾಗುತ್ತದೆ.

ಹಿತ್ತಲಿನಲ್ಲಿ ಬಚ್ಚಲುಮನೆಗೆ ತಾರಸಿ ಹಾಕಿಸಿ ತಿಂಗಳಾಗಿದೆಯಂತೆ, ಹುಲ್ಲಿನ ಬಣವೆ ಅದರ ಪಕ್ಕದಲ್ಲೇ ಇದೆ. ನಾನು ಕೈ ತೊಳೆಯುವಷ್ಟರಲ್ಲಿ ಅಮ್ಮನ ಮೊಮ್ಮಗ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಕೋಲಿಗೆ ಕಟ್ಟಿ ಬಣವೆಯ ಬುಡದಲ್ಲಿ ಆಡಿಸಿ ತಂದು ತೋರಿಸಿದ. ಕಂಬಿ ಕಟ್ಟುವ ತಂತಿಯ ಹನ್ನೊಂದು ತುಂಡುಗಳು ಅಂಟಿಕೊಂಡಿದ್ದವು.