ಇಬ್ಬರದೂ ಚಲೋ ಇದೆ, ಮತ್ತೆ ಬಸಿರು ಯಾಕೆ ನಿಲ್ಲುತ್ತಿಲ್ಲ?

ಕಲಬುರಗಿಯ ಒಂದು ದವಾಖಾನೆಯಲ್ಲಿ ನಾನು ನರ್ಸ್. ಮದುವೆ ಮನೆಗೆ ಹೋದರೂ, ಬಸ್ ಹತ್ತಿದರೂ ಯಾರಾದರೂ ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಕೇಳುತ್ತಾರೆ. "ಅಕ್ಕಾ, ಇಬ್ಬರದೂ ರಿಪೋರ್ಟ್ ಚಲೋ ಬಂದಾವ. ಮತ್ಯಾಕ ನಿಂದ್ರವಲ್ದು?" ನಿಂತಲ್ಲೇ ಎರಡು ಮಾತಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೊದಲು ತಿರುಗಿ ಕೇಳುವುದು ಒಂದೇ: ಇಬ್ಬರೂ ಎಷ್ಟು ತಿಂಗಳು ಒಂದೇ ಮನೆಯಲ್ಲಿ ಇದ್ದಿರಿ? ಎಲ್ಲರೂ ಲಗ್ನವಾಗಿ ಎಷ್ಟು ವರ್ಷವಾಯಿತು ಅಂತ ಹೇಳುತ್ತಾರೆ. ಆ ಲೆಕ್ಕದಿಂದ ಏನೂ ಗೊತ್ತಾಗುವುದಿಲ್ಲ.

ಶಹಾಪುರ ಕಡೆಯ ಒಬ್ಬ ಹುಡುಗಿ ಅತ್ತೆಯ ಜೊತೆ ಬಂದಿದ್ದಳು. 23 ವರ್ಷ. ಗಂಡ ಬೆಂಗಳೂರಲ್ಲಿ ಗೌಂಡಿ ಕೆಲಸ ಮಾಡುತ್ತಾನೆ. ಲಗ್ನವಾಗಿ ಎರಡು ವರ್ಷ. ಥೈರಾಯ್ಡ್, ಸ್ಕ್ಯಾನ್, ಗಂಡನ ವೀರ್ಯ ಪರೀಕ್ಷೆ ಎಲ್ಲಾ ಸರಿ ಇತ್ತು. ಊರಲ್ಲಿ ಯಾರದೋ ಕುಬಸದ (ಸೀಮಂತದ) ದಿನ ಉಡಿ ತುಂಬುವಾಗ ಈಕೆಯ ಕೈಗೆ ಬಂದ ತಾಟನ್ನು ಯಾರೋ ಪಕ್ಕದವಳ ಕಡೆ ಸರಿಸಿದರಂತೆ. ಅದನ್ನು ಹೇಳುವಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದಳು. ಅತ್ತೆ ಕೆಟ್ಟವರಲ್ಲ. ಅವರ ಕಣ್ಣಲ್ಲೂ ನೀರಿತ್ತು.

ಮುಂದಿನ ಸಲ ಬರುವಾಗ ಮನೆಯ ಗೋಡೆ ಕ್ಯಾಲೆಂಡರ್ ತಗೊಂಡು ಬಾ ಎಂದೆ. ತಂದಳು. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ ಎಲ್ಲಾ ಅದರಲ್ಲೇ ಇತ್ತು. ಮುಟ್ಟಾದ ದಿನಕ್ಕೆ ಸಣ್ಣ ಚುಕ್ಕೆ ಇಟ್ಟಿದ್ದಳು. ಗಂಡ ಮನೆಯಲ್ಲಿದ್ದ ದಿನಗಳಿಗೆ ನಾನು ನೀಲಿ ಪೆನ್ನಿಂದ ಗೆರೆ ಎಳೆಯುತ್ತಾ ಹೋದೆ. ಯುಗಾದಿಗೆ ಬಂದಾಗ ಆಕೆಗೆ ಮುಟ್ಟು. ಪಂಚಮಿಗೆ ಬಂದಾಗ ಆಕೆ ತವರಿಗೆ ಹೋಗಿದ್ದಳು. ದಸರಾಕ್ಕೆ ಬರುವ ಹೊತ್ತಿಗೆ ದಿನ ದಾಟಿತ್ತು. ಇಡೀ ವರ್ಷದಲ್ಲಿ ಗೆರೆಯೂ ಸರಿಯಾದ ದಿನಗಳೂ ಕೂಡಿದ್ದು ಎರಡೇ ಸಲ. ಲಗ್ನವಾಗಿ ಎರಡು ವರ್ಷ, ನಿಜ. ಆದರೆ ಆ ವರ್ಷ ಅವರಿಗೆ ಸಿಕ್ಕ ಅವಕಾಶ ಎರಡೇ. ಯಾದಗಿರಿ, ಕಲಬುರಗಿ ಕಡೆಯಿಂದ ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋದವರ ಮನೆಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ.

ಸರಿಯಾದ ದಿನ ಅಂದರೆ ಯಾವುದು? ಹೆಣ್ಣಿನ ಅಂಡ ಹೊರಬಂದ ಮೇಲೆ 12ರಿಂದ 24 ತಾಸು ಮಾತ್ರ ಬದುಕಿರುತ್ತದೆ. ಗಂಡಿನ ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನದವರೆಗೂ ಇರಬಲ್ಲದು. ಹಾಗಾಗಿ ಅಂಡ ಬರುವ ದಿನ ಮತ್ತು ಅದರ ಹಿಂದಿನ ಐದು ದಿನ, ಒಟ್ಟು ಆರು ದಿನ. ತಿಂಗಳಿಗೆ ಅಷ್ಟೇ. "14ನೇ ದಿನ" ಅಂತ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಅದು 28 ದಿನಕ್ಕೆ ಮುಟ್ಟಾಗುವವರ ಲೆಕ್ಕ. ಅಂಡ ಬರುವುದು ಮುಂದಿನ ಮುಟ್ಟಿಗೆ ಹೆಚ್ಚುಕಡಿಮೆ 14 ದಿನ ಮೊದಲು. ಈ ಹುಡುಗಿಯ ಚುಕ್ಕೆಗಳ ನಡುವೆ 35 ದಿನ ಇತ್ತು. ಅಂದರೆ ಆಕೆಗೆ 21ನೇ ದಿನದ ಆಸುಪಾಸು. ಗಂಡ ಪಾಪ ಒಮ್ಮೆ 14ನೇ ದಿನ ನೋಡಿಕೊಂಡೇ ರಜೆ ಹಾಕಿ ಬಂದು, ಎರಡು ದಿನ ಇದ್ದು ಹೋಗಿದ್ದ. ದಿನದ ಲೆಕ್ಕ ತಪ್ಪುತ್ತದೆ ಅನಿಸಿದರೆ ದೇಹವೇ ಒಂದು ಗುರುತು ಕೊಡುತ್ತದೆ. ಆ ದಿನಗಳಲ್ಲಿ ಬಿಳಿ ಸ್ರಾವ ಹಸಿ ಮೊಟ್ಟೆಯ ಬಿಳಿ ಲೋಳೆಯಂತೆ ಇರುತ್ತದೆ. ಎರಡು ಬೆರಳಿನ ನಡುವೆ ಎಳೆದರೆ ದಾರದಂತೆ ಬರುತ್ತದೆ. ಆಗ ದಿನ ಬಿಟ್ಟು ದಿನ ಕೂಡಿದರೂ ಸಾಕು.

ಎಲ್ಲಾ ಸರಿಯಾಗಿ ಕೂಡಿ ಬಂದರೂ ಒಂದೇ ತಿಂಗಳಿಗೆ ಆಗುತ್ತದೆ ಅಂತಲ್ಲ. ಚಿಕ್ಕ ವಯಸ್ಸಿನ, ಆರೋಗ್ಯವಾಗಿರುವ ಜೋಡಿಗೂ ಒಂದು ತಿಂಗಳಲ್ಲಿ ಬಸಿರು ನಿಲ್ಲುವ ಸಾಧ್ಯತೆ ನಾಲ್ಕೈದರಲ್ಲಿ ಒಂದು. ನೂರು ಜೋಡಿಯಲ್ಲಿ ಒಂದು ವರ್ಷದೊಳಗೆ ಸುಮಾರು 80ರಿಂದ 85 ಜನಕ್ಕೆ ಆಗುತ್ತದೆ. ಉಳಿದವರಲ್ಲಿ ಸುಮಾರು ಅರ್ಧ ಜನಕ್ಕೆ ಎರಡನೇ ವರ್ಷದಲ್ಲಿ. ಮೂರು ತಿಂಗಳು ಆಗಲಿಲ್ಲ ಅಂದ ಮಾತ್ರಕ್ಕೆ ಯಾರಲ್ಲೋ ದೋಷ ಇದೆ ಅಂತಲ್ಲ.

ಆದರೆ ಸುಮ್ನೆ ಕಾಯುತ್ತಾ ಕೂರಬೇಡಿ. ಒಂದು ವರ್ಷ ಹೀಗೆ ಜೊತೆಗಿದ್ದೂ ಆಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಿ. ಮುಟ್ಟು ತೀರಾ ಏರುಪೇರಾಗಿದ್ದರೆ, ಹಿಂದೆ ಟಿಬಿ ಆಗಿದ್ದರೆ ಅಷ್ಟೂ ಕಾಯಬಾರದು. ಟಿಬಿ ಅಂಡ ಸಾಗಿ ಬರುವ ಗರ್ಭನಾಳವನ್ನೇ ಮುಚ್ಚಿಬಿಡಬಹುದು, ಸಾದಾ ಸ್ಕ್ಯಾನಲ್ಲಿ ಅದು ಎಷ್ಟೋ ಸಲ ಕಾಣುವುದಿಲ್ಲ. "ಎಲ್ಲಾ ನಾರ್ಮಲ್" ಎಂದವರಿಗೆ ನಾಳದ ಪರೀಕ್ಷೆ ಆಗಿದೆಯಾ ಅಂತ ನಾನು ಕೇಳುವುದು ಅದಕ್ಕೇ.

ಗಂಡಸರಿಗೆ ಒಂದು ಮಾತು. ಮಗು ಆಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ಕಾರಣವೂ ಸೇರಿರುತ್ತದೆ. ಹೆಂಡತಿಯನ್ನು ಮೂರು ದವಾಖಾನೆ ತಿರುಗಿಸಿ, ತಾನು ಒಂದು ಡಬ್ಬಿಯಲ್ಲಿ ವೀರ್ಯ ಕೊಡಲು ಹಿಂಜರಿಯುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಎಲ್ಲಕ್ಕಿಂತ ಸುಲಭದ ಪರೀಕ್ಷೆ ಅದು, ಮೊದಲು ಅದನ್ನೇ ಮಾಡಿಸಬೇಕು. ಗುಟ್ಕಾ, ಸಿಗರೇಟು ಬಿಡಿ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು, ಇಂದು ಬಿಟ್ಟರೆ ಮೂರು ತಿಂಗಳ ಮೇಲೆ ಫಲ. ದಿನವಿಡೀ ಭಟ್ಟಿಯ ಮುಂದೆ ನಿಲ್ಲುವ ಕೆಲಸವಿದ್ದರೆ ಡಾಕ್ಟರಿಗೆ ಹೇಳಿ. ವೃಷಣ ಮೈಗಿಂತ ತಂಪಾಗಿದ್ದರೇ ವೀರ್ಯಾಣು ಚೆನ್ನಾಗಿ ಬೆಳೆಯುವುದು.

ಎಲ್ಲಾ ಪರೀಕ್ಷೆ ಮುಗಿದ ಮೇಲೂ ಕಾರಣ ಸಿಗದವರು ಇದ್ದಾರೆ. ಮಗು ಆಗದ ನೂರು ಜೋಡಿಯಲ್ಲಿ 15ರಿಂದ 30 ಜೋಡಿಗೆ ಹೀಗಾಗುತ್ತದೆ. ಅವರಲ್ಲಿ ಎಷ್ಟೋ ಜನಕ್ಕೆ ತಾನಾಗಿಯೇ ಬಸಿರು ನಿಲ್ಲುತ್ತದೆ. ಐವಿಎಫ್, ಅಂದರೆ ಅಂಡ ಮತ್ತು ವೀರ್ಯಾಣುವನ್ನು ದೇಹದ ಹೊರಗೆ ಕೂಡಿಸಿ ಗರ್ಭದಲ್ಲಿ ಇಡುವ ಚಿಕಿತ್ಸೆ, ಬೇಕಾದವರಿಗೆ ದೊಡ್ಡ ಆಸರೆ. ಆದರೆ ವಯಸ್ಸು ಚಿಕ್ಕದಿದ್ದು, ಕೂಡಿ ಇದ್ದದ್ದೇ ನಾಲ್ಕು ತಿಂಗಳು ಇರುವವರು ಅದಕ್ಕಾಗಿ ತೊಗರಿ ಹೊಲ ಮಾರುವುದನ್ನು ಕಂಡಾಗ ಕೈ ಹಿಡಿದು ತಡೆಯಬೇಕು ಅನಿಸುತ್ತದೆ.

ಆ ಹುಡುಗಿಯ ಕ್ಯಾಲೆಂಡರಿನಲ್ಲಿ ಮುಂದಿನ ಮೂರು ತಿಂಗಳ ಪುಟ ತೆರೆದು, ಒಂದೆರಡು ದಿನ ಹಿಂದೆಮುಂದೆ ಆದರೂ ಇರಲಿ ಅಂತ ಒಂದೊಂದರಲ್ಲೂ ಎಂಟು ದಿನಕ್ಕೆ ಹಸಿರು ಗೆರೆ ಹಾಕಿಕೊಟ್ಟೆ. ಅತ್ತೆ ಕನ್ನಡಕ ಏರಿಸಿಕೊಂಡು ನೋಡಿದರು. "ಉದ್ಯಾನ್ ಗಾಡಿಗೆ ಬಂದ್ರ ಯಾದಗಿರಿಗೆ ಇಳೀತಾನ, ಅಲ್ಲಿಂದ ಬಸ್ಸು" ಎಂದರು. ಆಮೇಲೆ ಸೊಸೆಯ ಕಡೆ ತಿರುಗಿ, "ಫೋನ್ ಹಚ್ಚು ಅವಗ. ಪಂಚಮಿಗೆ ಈ ಸಲ ನೀ ತವರಿಗೆ ಹೋಗೂದು ಬ್ಯಾಡ, ನಿಮ್ಮವ್ವಗ ನಾನೇ ಹೇಳ್ತೀನಿ" ಎಂದರು. ಹುಡುಗಿ ಅಲ್ಲೇ ಬಾಗಿಲ ಹೊರಗೆ ನಿಂತು ಫೋನ್ ಹಚ್ಚಿದಳು.